ಮಲೆನಾಡಿನ ನೆಲಮಾಳಿಗೆಗೆ ಡಿಹ್ಯೂಮಿಡಿಫೈಯರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಇಳಿಜಾರಿನಲ್ಲಿದೆ. ಮುಂದಿನಿಂದ ನೋಡಿದರೆ ಎರಡು ಅಂತಸ್ತು, ಹಿಂದಿನಿಂದ ನೋಡಿದರೆ ಒಂದೇ. ಕೆಳಗಿನ ಕೋಣೆಯ ಹಿಂಗೋಡೆ ಪೂರ್ತಿ ಧರೆಗೆ, ಅಂದರೆ ಗುಡ್ಡ ಕಡಿದ ಮಣ್ಣಿನ ದಿಣ್ಣೆಗೆ, ಅಂಟಿಕೊಂಡಿದೆ. ಅಪ್ಪ ಅದನ್ನು ಅಡಿಕೆ ಮೂಟೆ ಇಡಲು ಕಟ್ಟಿಸಿದ್ದರು. ಈಗ ಅಲ್ಲಿ ಪುಸ್ತಕದ ಕಪಾಟು, ಹೊಲಿಗೆ ಮೆಷಿನ್, ಮಗಳ ಹಾರ್ಮೋನಿಯಂ ಇವೆ. ಒಂದು ಮಳೆಗಾಲದಲ್ಲಿ ಹಾರ್ಮೋನಿಯಂ ಪೆಟ್ಟಿಗೆಗೆ ಹಸಿರು ಬೂಷ್ಟು ಬಂದಾಗ ಗಾಳಿಯ ತೇವ ತೆಗೆಯುವ ಈ ಮೆಷಿನ್‌ಗಳ ಹಿಂದೆ ಬಿದ್ದೆ. ಒಂದು ತಪ್ಪು ಮೆಷಿನ್ ತಂದು, ಆಮೇಲೆ ಸರಿಯಾದದ್ದು ತಂದೆ. ಅಂದಿನಿಂದ ನೆಂಟರು, ನೆರೆಹೊರೆಯವರು ಕೇಳುತ್ತಲೇ ಇದ್ದಾರೆ. ಅವರ ಪ್ರಶ್ನೆಗಳೇ ಇಲ್ಲಿವೆ.

ಮಲೆನಾಡಿಗೆ ಥಂಡಿ ಹೊಸದಾ? ಅಜ್ಜನ ಕಾಲದಲ್ಲಿ ಮೆಷಿನ್ ಇತ್ತಾ?

ಮೆಷಿನ್ ಇರಲಿಲ್ಲ, ಬೆಂಕಿ ಇತ್ತು. ಬೆಳಗ್ಗೆ ಹೊತ್ತಿಸಿದ ಬಚ್ಚಲ ಒಲೆ ಮಳೆಗಾಲದಲ್ಲಿ ರಾತ್ರಿಯವರೆಗೂ ಆರುತ್ತಿರಲಿಲ್ಲ. ಅಡುಗೆ ಒಲೆಯ ಹೊಗೆ ಅಟ್ಟದ ಮೇಲಿನ ಎಲ್ಲವನ್ನೂ ಬೆಚ್ಚಗಿಡುತ್ತಿತ್ತು. ಹೆಂಚಿನ ಸಂದಿನಿಂದ ಮನೆ ಉಸಿರಾಡುತ್ತಿತ್ತು. ಈಗ ಗ್ಯಾಸ್ ಒಲೆ, ಗೀಸರ್, ಆರ್‌ಸಿಸಿ ತಾರಸಿ, ನುಣುಪು ಟೈಲ್ಸ್. ಬೆಂಕಿ ಹೋಯಿತು, ತೇವ ಉಳಿಯಿತು. ಇನ್ನೊಂದು ಮಾತು: ಅಜ್ಜ ಪುಸ್ತಕವನ್ನು ನೆಲದ ಮಟ್ಟಕ್ಕಿಂತ ಕೆಳಗೆ ಇಡುತ್ತಿರಲಿಲ್ಲ. ಆ ಬುದ್ಧಿವಂತಿಕೆ ನಮ್ಮದು.

ಮೆಷಿನ್ ತಂದರೆ ಗೋಡೆಯಿಂದ ನೀರು ಜಿನುಗೋದು ನಿಲ್ಲುತ್ತಾ?

ನಿಲ್ಲೋದಿಲ್ಲ. ಇದೊಂದನ್ನು ತಿಳಿದುಕೊಂಡರೆ ಅರ್ಧ ದುಡ್ಡು ಉಳಿಯಿತು ಅಂತಲೇ ಲೆಕ್ಕ. ಡಿಹ್ಯೂಮಿಡಿಫೈಯರ್ ತೆಗೆಯುವುದು ಗಾಳಿಯಲ್ಲಿರುವ ತೇವವನ್ನು. ಧರೆಯ ನೀರನ್ನು ಅಲ್ಲ. ಜಲ ಎದ್ದ ಗೋಡೆಯ ಎದುರು ಮೆಷಿನ್ ಇಟ್ಟರೆ ಅದು ಹಗಲೂ ರಾತ್ರಿ ಓಡುತ್ತದೆ, ಗೋಡೆ ಹಗಲೂ ರಾತ್ರಿ ನೀರು ಕೊಡುತ್ತದೆ. ಕರೆಂಟ್ ಬಿಲ್ ಮಾತ್ರ ನಿಮ್ಮದು.

ನಿಮ್ಮ ಕೋಣೆಯ ತೇವ ಎಲ್ಲಿಂದ ಬರುತ್ತಿದೆ ಎಂದು ಮೊದಲು ನೋಡಿ. ಸುಲಭದ ಪರೀಕ್ಷೆ ಇದೆ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಸಂದಿಲ್ಲದಂತೆ ಟೇಪ್ ಅಂಟಿಸಿ. ಗೋಡೆ ಒದ್ದೆಯಾಗಿದ್ದರೆ ಟೇಪ್ ನಿಲ್ಲೋದಿಲ್ಲ, ಅಂಚನ್ನು ಮೊದಲು ಬಟ್ಟೆಯಿಂದ ಒರೆಸಿಕೊಳ್ಳಿ. ನೆಲದ ಮೇಲೂ ಒಂದು ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಒಳಗಡೆ, ಅಂದರೆ ಗೋಡೆಯ ಕಡೆ, ನೀರಿನ ಹನಿ ಕಂಡರೆ ಗೋಡೆಯೇ ನೀರು ತರುತ್ತಿದೆ. ಹಾಳೆಯ ಹೊರಮೈ ಒದ್ದೆಯಾದರೆ ಅದು ಗಾಳಿಯ ತೇವ. ಎರಡೂ ಕಡೆ ಒದ್ದೆಯಾದರೆ ನೀವು ಅಪ್ಪಟ ಮಲೆನಾಡಿನವರು. ನಮ್ಮನೆಯಲ್ಲಿ ಹಾಗೇ ಆಗಿತ್ತು.

ಸುಣ್ಣ ಬಣ್ಣ ಪದರ ಪದರವಾಗಿ ಏಳುವುದು, ಗೋಡೆಯ ಬುಡದಲ್ಲಿ ಉಪ್ಪಿನಂಥ ಬಿಳಿ ಪುಡಿ ಕಾಣಿಸುವುದು ಕೂಡ ಗೋಡೆಯೊಳಗಿಂದ ನೀರು ಬರುತ್ತಿರುವ ಗುರುತು.

ಹಾಗಾದರೆ ಧರೆ ಕಡೆಯ ನೀರಿಗೆ ಏನು ಮಾಡಬೇಕು?

ಮೊದಲು ಮಾಡಿನ ನೀರು. ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದೋಣಿ ತುಂಬಿ ಹಿಂಗೋಡೆಯ ಬುಡಕ್ಕೇ ಸುರಿಯುತ್ತಿದೆಯಾ ನೋಡಿ. ಎಷ್ಟೋ ಮನೆಗಳ ರೋಗ ಅಲ್ಲೇ ಇರುತ್ತದೆ. ದೋಣಿಯಲ್ಲಿ ಕೂತ ಎಲೆ ತೆಗೆದು, ಪೈಪ್ ಇಳಿಸಿ, ನೀರನ್ನು ಮನೆಯಿಂದ ಹತ್ತಡಿ ಆಚೆ ಬಿಟ್ಟರೆ ಗೋಡೆ ಒಂದು ವಾರದಲ್ಲೇ ಬದಲಾಗುವುದುಂಟು.

ಆಮೇಲೆ ಮನೆ ಹಿಂದಿನ ಚರಂಡಿ. ಅದು ಕೆಳಗಿನ ಕೋಣೆಯ ನೆಲಕ್ಕಿಂತ ಆಳವಾಗಿದ್ದರೆ ಮಾತ್ರ ಉಪಯೋಗ. ತೋಟದಲ್ಲಿ ಬಸಿಗಾಲುವೆ ಯಾಕೆ ತೆಗೆಯುತ್ತೇವೆ? ಬೇರಿಗಿಂತ ಕೆಳಗೆ ನೀರು ಇಳಿಯಲಿ ಅಂತ. ಮನೆಗೂ ಅದೇ ಲೆಕ್ಕ. ಚರಂಡಿಯ ತಳಕ್ಕೆ ತೂತಿನ ಪೈಪ್ ಹಾಕಿ, ಸುತ್ತ ಜಲ್ಲಿ ತುಂಬಿ, ಮಣ್ಣು ಹೋಗದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿದರೆ ಬಹಳ ವರ್ಷ ಬಾಳುತ್ತದೆ. ಆದರೆ ಮಳೆಗಾಲದಲ್ಲಿ ಧರೆಯ ಬುಡಕ್ಕೆ ಗುದ್ದಲಿ ಹಾಕಲೇಬೇಡಿ. ಧರೆ ಕುಸಿದು ಮನೆಯೊಳಗೇ ಬಂದ ಸುದ್ದಿ ಪ್ರತಿ ವರ್ಷ ಕೇಳುತ್ತೇವೆ. ಈ ಕೆಲಸ ಜನವರಿಯಿಂದ ಏಪ್ರಿಲ್ ನಡುವೆ, ತಿಳಿದವರನ್ನು ಕರೆಸಿ ಮಾಡಿಸಿ.

ಜಂಬಿಟ್ಟಿಗೆ ಗೋಡೆಯ ಬಗ್ಗೆ ಒಂದು ಮಾತು. ಆ ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ನೀರು ಕುಡಿಯುತ್ತದೆ, ಬಿಡುತ್ತದೆ. ಒಳಗಡೆ ಮಾತ್ರ ಸಿಮೆಂಟ್ ಗಾರೆ ಬಳಿದು ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ನೀರು ಗೋಡೆಯೊಳಗೇ ಸಿಕ್ಕಿಕೊಂಡು ಮೇಲೆ ಏರುತ್ತದೆ. ಎರಡಡಿ ಎತ್ತರಕ್ಕಿದ್ದ ಕಲೆ ಮುಂದಿನ ವರ್ಷ ನಾಲ್ಕಡಿಗೆ ಹೋಗುತ್ತದೆ. ಗೋಡೆಗೆ ನೀರು ಮುಟ್ಟದಂತೆ ತಡೆಯಬೇಕಾದದ್ದು ಹೊರಗಡೆ.

ಕಿಟಕಿ ತೆಗೆದಿಟ್ಟರೆ ಸಾಲದಾ? ಗಾಳಿ ಆಡಿದರೆ ಒಣಗುತ್ತೆ ಅಲ್ವಾ?

ಜನವರಿಯಲ್ಲಿ ಹೌದು. ಪುಷ್ಯ ಮಳೆಯಲ್ಲಿ ಅಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಆದರೂ ಜುಲೈನ ಜಡಿಮಳೆಯಲ್ಲಿ ಎರಡೂ ಕಡೆ ಹೊರಗಿನ ಗಾಳಿ ಒದ್ದೆಯೇ. ಆ ಗಾಳಿಯನ್ನು ಒಳಗೆ ಬಿಟ್ಟು ಕೋಣೆ ಒಣಗಿಸುವುದು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡ ಹಾಗೆ.

ಲೆಕ್ಕ ಹಾಕಿ ನೋಡೋಣ. 12 ಅಡಿ ಅಗಲ, 15 ಅಡಿ ಉದ್ದ, 9 ಅಡಿ ಎತ್ತರದ ಕೋಣೆ. ಒಳಗೆ ಸುಮಾರು 46 ಘನ ಮೀಟರ್ ಗಾಳಿ. 24 ಡಿಗ್ರಿ ಬಿಸಿಯಲ್ಲಿ, ಶೇ 90 ತೇವವಿದ್ದರೆ ಅಷ್ಟೂ ಗಾಳಿಯಲ್ಲಿ ಇರುವ ನೀರು ಸುಮಾರು 900 ಗ್ರಾಂ. ಅದನ್ನು ಶೇ 55ಕ್ಕೆ ಇಳಿಸಲು ತೆಗೆಯಬೇಕಾದದ್ದು ಬರೀ 350 ಗ್ರಾಂ. ಎರಡು ಲೋಟ! ಹಾಗಿದ್ದರೆ ಮೆಷಿನ್ ದಿನವೂ ಬಕೆಟ್ ಬಕೆಟ್ ನೀರು ತೆಗೆಯುವುದು ಎಲ್ಲಿಂದ? ಸ್ವಲ್ಪ ಗೋಡೆ, ಮರ, ಬಟ್ಟೆ, ಕಾಗದದಿಂದ. ಉಳಿದದ್ದು ಕಿಟಕಿ ಸಂದಿಯಿಂದ. ಗಂಟೆಗೆ ಒಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾದರೆ, ಪ್ರತಿ ಗಂಟೆಗೂ ಆ ಎರಡು ಲೋಟ ಹೊಸದಾಗಿ ಒಳಗೆ ಬರುತ್ತದೆ. ದಿನಕ್ಕೆ 8 ಲೀಟರಿಗಿಂತ ಜಾಸ್ತಿ ಆಯಿತು. ಒಂದು ಸಾಧಾರಣ ಮೆಷಿನ್‌ನ ಇಡೀ ದಿನದ ದುಡಿಮೆ ಆ ಸಂದಿಗೇ ಹೋಯಿತು.

ಹಾಗಾಗಿ ಮೆಷಿನ್ ಹಾಕುವ ಮೊದಲು ಕಿಟಕಿಯ ಬಾಗಿಲಿಗೆ ರಬ್ಬರ್ ಪಟ್ಟಿ ಅಂಟಿಸಿ. ಬಾಗಿಲ ಅಡಿಯ ಸಂದು ಮುಚ್ಚಿ. ಗೋಡೆಯ ಗವಾಕ್ಷಿಯನ್ನು ಮಳೆಗಾಲಕ್ಕೆ ಮುಚ್ಚಿಡಿ. ಇನ್ನೂರು ಮುನ್ನೂರು ರೂಪಾಯಿಯ ರಬ್ಬರ್ ಪಟ್ಟಿ ಮಾಡುವ ಕೆಲಸ ದೊಡ್ಡ ಮೆಷಿನ್ ಮಾಡೋದಿಲ್ಲ.

ಮೇ ಕೊನೆಯಲ್ಲಿ ನೆಲ ಬೆವರುವುದನ್ನು ನೋಡಿರುತ್ತೀರಿ. ಮಳೆ ಇನ್ನೂ ಬಂದಿಲ್ಲ, ಆದರೆ ರೆಡ್ ಆಕ್ಸೈಡ್ ನೆಲ ಒದ್ದೆ. ಅದು ಕೆಳಗಿನಿಂದ ಬಂದ ನೀರು ಅಂತ ತುಂಬ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಅಲ್ಲ. ಹೊರಗಿನ ಬಿಸಿ, ತೇವದ ಗಾಳಿ ತಣ್ಣನೆಯ ನೆಲಕ್ಕೆ ತಾಗಿ ನೀರಾಗುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೈಯಂತೆ. ಆ ದಿನಗಳಲ್ಲಂತೂ ಕೆಳಗಿನ ಕೋಣೆಯ ಕಿಟಕಿ ತೆಗೆಯಲೇಬೇಡಿ.

ತೇವ ಎಷ್ಟಿರಬೇಕು? ಅಳೆಯೋದು ಹೇಗೆ?

ಶೇ 50ರಿಂದ 60ರ ನಡುವೆ ಸಾಕು. 70 ದಾಟಿ ಹಾಗೇ ನಿಂತರೆ ಬೂಷ್ಟಿಗೆ ಹಬ್ಬ. 40ಕ್ಕೆ ಇಳಿಸುವ ಹಟ ಬೇಡ. ಮರ ಬಿರಿಯುತ್ತದೆ, ಕರೆಂಟೂ ದಂಡ.

ಅಳೆಯಲು ಹೈಗ್ರೋಮೀಟರ್ ಎಂಬ ಪುಟ್ಟ ಸಾಧನ ಸಿಗುತ್ತದೆ. ಮೆಷಿನ್‌ಗಿಂತ ಮೊದಲು ಇದನ್ನು ಕೊಳ್ಳಿ. ಅದು ಸರಿ ಹೇಳುತ್ತಿದೆಯಾ ಅಂತ ಮನೆಯಲ್ಲೇ ನೋಡಬಹುದು: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ಮಾತ್ರ ನೀರು ಹನಿಸಿ, ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ದಿನ ಬಿಡಿ. ಒದ್ದೆ ಉಪ್ಪಿನ ಸುತ್ತಲಿನ ಗಾಳಿ ಯಾವಾಗಲೂ ಶೇ 75ಕ್ಕೆ ನಿಲ್ಲುತ್ತದೆ. ಮೀಟರ್ 70 ತೋರಿಸಿದರೆ ಅದು 5 ಕಡಿಮೆ ಹೇಳುತ್ತಿದೆ ಅಂತ ನೆನಪಿಟ್ಟುಕೊಂಡರಾಯಿತು.

ಯಾವ ಬಗೆಯ ಮೆಷಿನ್ ತಗೋಬೇಕು?

ಕಂಪ್ರೆಸರ್ ಇರುವುದು. ಒಳಗೆ ಫ್ರಿಜ್ಜಿನ ಹಾಗೆ ತಣ್ಣನೆಯ ಕೊಳವೆ ಇರುತ್ತದೆ. ಫ್ಯಾನು ಕೋಣೆಯ ಗಾಳಿಯನ್ನು ಅದರ ಮೇಲೆ ಹಾಯಿಸಿದಾಗ ನೀರು ತೊಟ್ಟಿಕ್ಕುತ್ತದೆ. ಒಣಗಿದ ಗಾಳಿ ಬಿಸಿ ಕೊಳವೆಯ ಮೇಲೆ ಹಾದು ಹೊರಗೆ ಬರುತ್ತದೆ. ನಮ್ಮ ಮಳೆಗಾಲದ 20ರಿಂದ 25 ಡಿಗ್ರಿಗೆ ಇದೇ ಸರಿ. ಸುಮಾರು 15 ಡಿಗ್ರಿಗಿಂತ ಕೆಳಗೆ ಕೊಳವೆಗೆ ಮಂಜುಗಡ್ಡೆ ಕಟ್ಟಿ ಕೆಲಸ ಕುಂಟುತ್ತದೆ. ಆದರೆ ನಮ್ಮಲ್ಲಿ ಅಷ್ಟು ಚಳಿ ಇರುವಾಗ ಮೆಷಿನ್ನೇ ಬೇಕಾಗೋದಿಲ್ಲ.

ಎರಡನೆಯದು ಡೆಸಿಕ್ಯಾಂಟ್. ತೇವ ಹೀರುವ ಚಕ್ರ ತಿರುಗುತ್ತದೆ, ಹೀಟರ್ ಅದನ್ನು ಒಣಗಿಸುತ್ತದೆ. ಚಳಿ ದೇಶಗಳಿಗೆ ಒಳ್ಳೆಯದು. ಇಲ್ಲಿ ಕರೆಂಟ್ ಜಾಸ್ತಿ ತಿನ್ನುತ್ತದೆ.

ಮೂರನೆಯದು ಪೆಲ್ಟಿಯರ್. ಕಂಪ್ರೆಸರ್ ಬದಲು, ಕರೆಂಟ್ ಹಾಯಿಸಿದರೆ ಒಂದು ಮೈ ತಣ್ಣಗಾಗುವ ಪುಟ್ಟ ಬಿಲ್ಲೆ ಇರುತ್ತದೆ. ನಾನು ಮೊದಲು ತಂದು ಕೆಟ್ಟದ್ದು ಇದನ್ನೇ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು, ನೋಡಲು ಚೆಂದ, ನೀಲಿ ದೀಪ ಬೇರೆ. ಒಂದು ದಿನ ಪೂರ್ತಿ ಓಡಿಸಿ ಟ್ಯಾಂಕ್ ತೆಗೆದರೆ ಒಂದು ಲೋಟ ನೀರು. ಮೇಲೆ ಹೇಳಿದ ಲೆಕ್ಕದಲ್ಲಿ ನಮ್ಮ ಕೋಣೆಗೆ ಗಂಟೆಗೆ ಎರಡು ಲೋಟ ಒಳಗೆ ಬರುತ್ತಿತ್ತು! ಈಗ ಅದು ಬೀರುವಿನೊಳಗೆ ರೇಷ್ಮೆ ಸೀರೆಗಳನ್ನು ಕಾಯುತ್ತಿದೆ. ಆ ಕೆಲಸಕ್ಕೆ ತಕ್ಕದ್ದೇ. ಗುರುತು ಹಿಡಿಯುವುದು ಸುಲಭ: ಎತ್ತಿ ನೋಡಿ. ಎರಡು ಮೂರು ಕಿಲೋ ಇದ್ದರೆ ಕಂಪ್ರೆಸರ್ ಇಲ್ಲ. ಕಂಪ್ರೆಸರ್ ಇರುವುದು ಸಾಮಾನ್ಯವಾಗಿ 10 ಕಿಲೋ ದಾಟುತ್ತದೆ.

ಎಷ್ಟು ಲೀಟರಿನದು?

ಪೆಟ್ಟಿಗೆಯ ಮೇಲೆ ದಿನಕ್ಕೆ 20 ಲೀಟರ್ ಅಂತ ಬರೆದಿರುತ್ತದೆ. ಅದರ ಹತ್ತಿರ ಸಣ್ಣ ಅಕ್ಷರದಲ್ಲಿ 30 ಡಿಗ್ರಿ, ಶೇ 80 ಅಂತಲೂ ಇರುತ್ತದೆ. ಅಂದರೆ ಅಷ್ಟು ಬಿಸಿ, ಅಷ್ಟು ತೇವ ಇದ್ದಾಗ ಮಾತ್ರ ಆ 20 ಲೀಟರ್. ಧರೆಗೆ ತಾಗಿದ ಕೋಣೆ ಮಳೆಗಾಲದಲ್ಲಿ 30 ಡಿಗ್ರಿ ಎಲ್ಲಿ ಬರಬೇಕು? 22, 23 ಡಿಗ್ರಿಯಲ್ಲಿ, ತೇವ ಶೇ 60ಕ್ಕೆ ಇಳಿದ ಮೇಲೆ, ಬರೆದದ್ದರ ಅರ್ಧ ಸಿಕ್ಕರೆ ಪುಣ್ಯ. ನಮ್ಮ 20 ಲೀಟರಿನದು ಆಶ್ಲೇಷ ಮಳೆಯಲ್ಲಿ ದಿನಕ್ಕೆ 8, 9 ಲೀಟರ್ ಕೊಡುತ್ತದೆ.

ಹಾಗಾಗಿ ನನ್ನ ಲೆಕ್ಕ ಹೀಗೆ. ಸಂದು ಮುಚ್ಚಿದ, ಗೋಡೆ ಒಣಗಿರುವ 150ರಿಂದ 200 ಚದರಡಿಯ ಕೋಣೆಗೆ 20 ಲೀಟರ್. ಗೋಡೆ ಇನ್ನೂ ಹಸಿ ಇದ್ದರೆ 30. ಶಿವಮೊಗ್ಗ ಪೇಟೆಯ ಅಂಗಡಿಗಳ ಕೆಳಗಿನ 500, 600 ಚದರಡಿ ಗೋದಾಮಿಗೆ 50ರ ಹತ್ತಿರದ್ದು ಬೇಕು. ಅನುಮಾನವಿದ್ದರೆ ಒಂದು ಅಳತೆ ದೊಡ್ಡದನ್ನೇ ತನ್ನಿ. ದೊಡ್ಡದು ಬೇಗ ಕೆಲಸ ಮುಗಿಸಿ ಸುಮ್ಮನಾಗುತ್ತದೆ. ಸಣ್ಣದು ಉಸಿರು ಬಿಗಿಹಿಡಿದು ಓಡುತ್ತಲೇ ಇರುತ್ತದೆ.

ಎಸಿಯಲ್ಲಿ ಡ್ರೈ ಮೋಡ್ ಇದೆಯಲ್ಲ?

ಬೇಸಿಗೆಗೆ ಸರಿ. ಮಳೆಗಾಲದ 22 ಡಿಗ್ರಿಯಲ್ಲಿ ಎಸಿ ಕೋಣೆಯನ್ನು ಇನ್ನೂ ತಣ್ಣಗೆ ಮಾಡುತ್ತದೆ, ಇಲ್ಲವೇ ಕಂಪ್ರೆಸರ್ ನಿಲ್ಲಿಸಿ ಬರೀ ಫ್ಯಾನು ತಿರುಗಿಸುತ್ತದೆ. ಡಿಹ್ಯೂಮಿಡಿಫೈಯರ್ ಕೋಣೆಯನ್ನು ಒಂದೆರಡು ಡಿಗ್ರಿ ಬೆಚ್ಚಗೆ ಮಾಡುತ್ತದೆ. ಜುಲೈನಲ್ಲಿ ಅದು ಸುಖವೇ.

ಇದ್ದಿಲು, ಕಲ್ಲುಪ್ಪು, ತೇವ ಹೀರುವ ಡಬ್ಬಿ?

ಕಪಾಟಿನೊಳಗೆ ಆದೀತು. ಕೋಣೆಗೆ ಏನೂ ಆಗೋದಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಯಲ್ಲಿ ತುಂಬುವ ನೀರು ಉಪ್ಪುದ್ರಾವಣ. ಮಕ್ಕಳು, ಬೆಕ್ಕಿನಿಂದ ದೂರ ಇಡಿ. ಚೆಲ್ಲಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ.

ಮೆಷಿನ್ ಎಲ್ಲಿ ಇಡಬೇಕು?

ತಂದ ತಕ್ಷಣ ಹಚ್ಚಬೇಡಿ. ಘಾಟಿ ರಸ್ತೆಯಲ್ಲಿ ಅಡ್ಡ ಮಲಗಿಸಿಕೊಂಡು ಬಂದಿದ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿದಿರುತ್ತದೆ. ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಡಿ.

ಕೋಣೆಯ ನಡುವಿಗೆ ಹತ್ತಿರ, ಗೋಡೆಯಿಂದ ಒಂದಡಿ ಈಚೆ ಇರಲಿ. ಧರೆ ಕಡೆಯ ಮೂಲೆಯೇ ಜಾಸ್ತಿ ಒದ್ದೆ ಅಂತ ಅಲ್ಲಿಗೇ ತುರುಕಬೇಡಿ. ಗಾಳಿ ಸುತ್ತಲು ಜಾಗ ಬೇಕು. ಆ ಮೂಲೆಗೆ ಒಂದು ಟೇಬಲ್ ಫ್ಯಾನ್ ತಿರುಗಿಸಿಡಿ. ಕಪಾಟನ್ನೂ ಗೋಡೆಯಿಂದ ನಾಲ್ಕಿಂಚು ಮುಂದೆ ಎಳೆಯಿರಿ. ಬೂಷ್ಟು ಮೊದಲು ಬರುವುದು ಕಪಾಟಿನ ಬೆನ್ನಿಗೆ. ಹೊಸ ಮೆಷಿನ್ ಕೆಲವದರಲ್ಲಿ ಆರ್290 ಎಂಬ ಹೊತ್ತಿಕೊಳ್ಳುವ ಅನಿಲ ಇರುತ್ತದೆ. ಚೀಟಿ ನೋಡಿ. ಅಂಥದ್ದನ್ನು ಒಲೆ, ಹೀಟರ್ ಹತ್ತಿರ ಇಡುವುದು ಬೇಡ.

ನೀರನ್ನು ಎಲ್ಲಿಗೆ ಬಿಡೋದು?

ಟ್ಯಾಂಕ್ ತುಂಬಿದರೆ ಮೆಷಿನ್ ತಾನೇ ನಿಲ್ಲುತ್ತದೆ. ಒಳ್ಳೆಯದೇ. ಆದರೆ ರಾತ್ರಿ ಎರಡಕ್ಕೆ ತುಂಬಿದರೆ ಬೆಳಗಿನವರೆಗೆ ಕೆಲಸ ಬಂದ್. ಪೈಪ್ ಜೋಡಿಸುವುದೇ ಮೇಲು.

ಇಳಿಜಾರಿನ ಮನೆಯವರಿಗೆ ಇಲ್ಲಿ ಒಂದು ಲಾಭ. ಕೆಳಗಿನ ಕೋಣೆಯ ಮುಂದಿನ ಗೋಡೆ ಅಂಗಳದ ಮಟ್ಟದಲ್ಲೇ ಇರುತ್ತದೆ. ಅಲ್ಲೊಂದು ತೂತು ಕೊರೆದು ಪೈಪ್ ಹೊರಗೆ ಹಾಕಿದರೆ ನೀರು ತಾನೇ ಹೋಗುತ್ತದೆ. ಮೆಷಿನ್ ಅನ್ನು ಒಂದೂವರೆ ಅಡಿ ಎತ್ತರದ ಗಟ್ಟಿ ಸ್ಟೂಲ್ ಮೇಲೆ ಇಡಿ. ಪೈಪ್ ಉದ್ದಕ್ಕೂ ಇಳಿಜಾರಾಗಿಯೇ ಇರಬೇಕು. ಎಲ್ಲೂ ಜೋತು ಬಿದ್ದು ಮತ್ತೆ ಮೇಲೇರಬಾರದು. ತುದಿ ನೀರಿನಲ್ಲಿ ಮುಳುಗಿರಬಾರದು. ಇದನ್ನು ನಾನು ಓದಿ ಕಲಿತದ್ದಲ್ಲ. ಪೈಪ್ ನಡುವೆ ಜೋತು ಬಿದ್ದು, ಅಲ್ಲಿ ಲೋಳೆ ಕಟ್ಟಿ, ಒಂದು ರಾತ್ರಿಯ ನೀರೆಲ್ಲ ಪುಸ್ತಕದ ಕಪಾಟಿನ ಕೆಳಗೆ ಹೋಗಿತ್ತು. ತೇವ ತೆಗೆಯಲು ತಂದ ಮೆಷಿನ್ನೇ ಪ್ರವಾಹ ತಂದಿತು ಅಂತ ಹೆಂಡತಿ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಪೈಪಿನ ಹೊರತುದಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ, ಹುಳ ಗೂಡು ಕಟ್ಟದಿರಲಿ.

ನಾಲ್ಕೂ ಕಡೆ ನೆಲದೊಳಗಿರುವ ಪೇಟೆಯ ನೆಲಮಾಳಿಗೆಗೆ ಪಂಪ್ ಬೇಕು. ಕೆಲವು ಮೆಷಿನ್‌ಗಳಲ್ಲಿ ಒಳಗೇ ಇರುತ್ತದೆ. ಇಲ್ಲದಿದ್ದರೆ ಎಸಿಯವರು ಹಾಕುವ ಸಣ್ಣ ಡ್ರೈನ್ ಪಂಪ್ ಸಾಕು.

ಕರೆಂಟ್ ಹೋಗಿ ಬಂದರೆ ಏನಾಗುತ್ತದೆ?

ಮಳೆಗಾಲದಲ್ಲಿ ತಂತಿ ಮೇಲೆ ಮರ ಬೀಳುವುದು ಹೊಸತಲ್ಲ. ಕರೆಂಟ್ ಬಂದ ಮೇಲೆ ತಾನೇ ಶುರುವಾಗುವ, ಅಂದರೆ ಆಟೋ ರೀಸ್ಟಾರ್ಟ್ ಇರುವ ಮೆಷಿನ್ನೇ ತಗೊಳ್ಳಿ. ಅದಿಲ್ಲದಿದ್ದರೆ ಯಾರಾದರೂ ಬಂದು ಬಟನ್ ಒತ್ತುವವರೆಗೆ ಕೂತಿರುತ್ತದೆ. ಎರಡು ದಿನ ಊರಿಗೆ ಹೋಗಿ ಬಂದರೆ ಕತೆ ಮುಗಿಯಿತು.

ವೋಲ್ಟೇಜ್ ಏರಿಳಿತ ಇದ್ದರೆ ಸ್ಟೆಬಿಲೈಜರ್ ಹಾಕಿ. ಅರ್ಥಿಂಗ್ ಸರಿಯಿದೆಯಾ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಒದ್ದೆ ನೆಲದ ಕೋಣೆಗೆ ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು, ಇದರಲ್ಲಿ ಉಳಿತಾಯ ಬೇಡ. ನೆಲದ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟು ಅದಕ್ಕೆ ಸಿಕ್ಕಿಸಬೇಡಿ. ಮನೆಯ ಸಣ್ಣ ಇನ್ವರ್ಟರಿಗೂ ಕೊಡಬೇಡಿ. ಗುಡುಗು ಸಿಡಿಲಿನ ದಿನ ಪ್ಲಗ್ ಕಿತ್ತಿಡಿ.

ಬಿಲ್ ಎಷ್ಟು ಬರುತ್ತದೆ?

20 ಲೀಟರಿನ ಮೆಷಿನ್ ಸುಮಾರು 350 ವ್ಯಾಟ್ ಅಂದುಕೊಳ್ಳಿ. ಮೊದಲ ವಾರ ಹಗಲೂ ರಾತ್ರಿ ಓಡುತ್ತದೆ, ದಿನಕ್ಕೆ 8 ಯೂನಿಟ್ ಮೇಲೆ. ಕೋಣೆ ಒಣಗಿದ ಮೇಲೆ ದಿನಕ್ಕೆ ಹತ್ತು ಗಂಟೆ ಓಡಿದರೆ ಮೂರೂವರೆ ಯೂನಿಟ್, ತಿಂಗಳಿಗೆ 105.

ಗೃಹಜ್ಯೋತಿಯಲ್ಲಿ ಇರುವವರು ಇಲ್ಲಿ ಎಚ್ಚರ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಈಗಾಗಲೇ 120 ಬಳಸುವ ಮನೆಗೆ 105 ಸೇರಿದರೆ ಆಯಿತಲ್ಲ. ಮೆಸ್ಕಾಂ ಬಿಲ್ ನೋಡಿಕೊಂಡು ಹೊರಡಿ. ಕಿಟಕಿಯ ರಬ್ಬರ್ ಪಟ್ಟಿಯ ಬೆಲೆ ತಿಳಿಯುವುದು ಇಲ್ಲಿಯೇ.

ಬಂದ ನೀರು ಕುಡಿಯಬಹುದಾ? ಬ್ಯಾಟರಿಗೆ ಹಾಕಬಹುದಾ?

ಎರಡೂ ಬೇಡ. ಕೊಳವೆಯ ಲೋಹ, ಧೂಳು, ಬೂಷ್ಟಿನ ಕಣ ಎಲ್ಲ ಅದರಲ್ಲಿ ಇರುತ್ತದೆ. ಅಂಗಳದ ಹೂಗಿಡಕ್ಕೆ ಹಾಕಿ. ಆ ಮಳೆಯಲ್ಲಿ ಗಿಡಕ್ಕೆ ನೀರು ಹಾಕುವವರನ್ನು ನೋಡಿ ಜನ ನಗುತ್ತಾರೆ, ಅದು ಬೇರೆ.

ಬಟ್ಟೆ ಒಣಗಿಸಬಹುದಾ?

ಧಾರಾಳವಾಗಿ. ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಈ ಮೆಷಿನ್‌ಗೆ ಮರ್ಯಾದೆ ಬಂದದ್ದೇ ಇದರಿಂದ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹಗ್ಗ ಕಟ್ಟಿ, ಫ್ಯಾನ್ ಹಾಕಿ ರಾತ್ರಿ ಬಿಟ್ಟರೆ ಶಾಲೆಯ ಯೂನಿಫಾರ್ಮ್ ಬೆಳಗ್ಗೆಗೆ ಒಣಗಿರುತ್ತದೆ. ಮುಗ್ಗಲು ವಾಸನೆ ಇರೋದಿಲ್ಲ. ಮೆಷಿನ್ ಮೇಲೆ ಮಾತ್ರ ಬಟ್ಟೆ ಹರವಬೇಡಿ.

ಅಡಿಕೆ, ಕಾಳುಮೆಣಸು ಇಡುವ ಕೋಣೆಗೆ?

ಒಣಗಿದ ಮಾಲು ಮತ್ತೆ ತೇವ ಎಳೆದುಕೊಳ್ಳದಂತೆ ಕಾಯಲು ಆಗುತ್ತದೆ. ಅರೆ ಒಣಗಿದ್ದನ್ನು ಒಣಗಿಸಲು ಅಲ್ಲ. ಆ ಕೆಲಸ ಬಿಸಿಲಿನದು ಅಥವಾ ಡ್ರೈಯರಿನದು. ಮೂಟೆಗಳನ್ನು ನೆಲಕ್ಕೆ ತಾಗಿಸದೆ ಅಡಿಕೆ ದಬ್ಬೆಯ ಅಟ್ಟಣೆ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಇಡಿ.

ಈಗಾಗಲೇ ಬೂಷ್ಟು ಹಿಡಿದಿದೆ. ಮೆಷಿನ್ ಅದನ್ನು ಕೊಲ್ಲುತ್ತದಾ?

ಇಲ್ಲ, ಮಲಗಿಸುತ್ತದೆ ಅಷ್ಟೇ. ತೇವ ಬಂದರೆ ಮತ್ತೆ ಏಳುತ್ತದೆ. ಮೊದಲು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಸೋಪಿನ ನೀರಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ್ದನ್ನು ಪೊರಕೆಯಿಂದ ಗುಡಿಸಿದರೆ ಕಣಗಳು ಮನೆಯೆಲ್ಲ ಹಾರುತ್ತವೆ. ಬ್ಲೀಚಿಂಗ್ ಮತ್ತು ಬಾತ್‌ರೂಂ ಆಸಿಡ್ ಒಟ್ಟಿಗೆ ಬಳಸಲೇಬೇಡಿ, ವಿಷಗಾಳಿ ಏಳುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಅವರು ಈ ಕೆಲಸಕ್ಕೆ ಇಳಿಯುವುದು ಬೇಡ.

ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು?

ಎಲ್ಲ ಒದ್ದೆಯಾದ ಮೇಲೆ ಅಲ್ಲ. ನೆಲ ಬೆವರಲು ಶುರುವಾದಾಗಲೇ, ಅಂದರೆ ಮೃಗಶಿರ ಮಳೆಗೂ ಮೊದಲೇ. ಒಣಗಿದ ಕೋಣೆಯನ್ನು ಒಣಗಿರುವಂತೆ ಇಡುವುದು ಸುಲಭ. ಶೇ 55ಕ್ಕೆ ಸೆಟ್ ಮಾಡಿ ಬಿಡಿ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆದು ಒಣಗಿಸಿ ಹಾಕಿ. ಧೂಳು ಕಟ್ಟಿದ ಫಿಲ್ಟರ್ ಇದ್ದರೆ ಮೆಷಿನ್ ಸದ್ದು ಮಾಡುತ್ತದೆ, ನೀರು ತೆಗೆಯೋದಿಲ್ಲ.

ಸ್ವಾತಿ ಮಳೆ ಕಳೆದು, ಹೊರಗಿನ ತೇವ ಒಳಗಿನದಕ್ಕಿಂತ ಕಡಿಮೆ ಅಂತ ಮೀಟರ್ ತೋರಿಸಿದ ದಿನ ಮೆಷಿನ್ ನಿಲ್ಲಿಸಿ ಕಿಟಕಿ ತೆಗೆಯಿರಿ. ಎತ್ತಿಡುವ ಮೊದಲು ಟ್ಯಾಂಕ್ ಮತ್ತು ಪೈಪನ್ನು ಬಿಸಿಲಿಗಿಟ್ಟು ಒಣಗಿಸಿ. ನಾವು ಒಂದು ವರ್ಷ ಮರೆತಿದ್ದೆವು. ಮೇ ತಿಂಗಳಲ್ಲಿ ಹೊದಿಕೆ ತೆಗೆದು ನೋಡಿದರೆ, ಇಡೀ ಕೋಣೆಯಲ್ಲಿ ಬೂಷ್ಟು ಹಿಡಿದಿದ್ದ ವಸ್ತು ಅದೊಂದೇ.